ಕಟ್ಟಿ ಮೇಯಿಸಿದ ಟಗರು

ಗುಡ್ಡಪ್ಪನ ದೊಡ್ಡಿಯ ಟಗರೆಂದರೆ ತಾಳಗುಂದದ ಸುತ್ತಮುತ್ತ ಮಾತ್ರವಲ್ಲ, ಅತ್ತ ಸೊರಬ ದಾಟಿ ಉಳವಿಯವರೆಗೂ ಒಂದು ಬೆಲೆಯಿತ್ತು. ಹಿಂಡಿಗೆ ಬೀಜದ ಟಗರು ಬೇಕಾದವರು ಸಂತೆಗೆ ಹೋಗುವ ಮೊದಲು ಅವನ ದೊಡ್ಡಿಯ ಬೇಲಿ ಹಿಡಿದು ನಿಲ್ಲುತ್ತಿದ್ದರು. ಅವನು ಮರಿ ಆರಿಸುವ ಬಗೆಯೇ ಬೇರೆ. ಮೈ ತುಂಬಿಕೊಂಡ ಮರಿಯನ್ನು ಬಿಟ್ಟು, ಬಿಸಿಲು ನೆತ್ತಿಗೇರಿದ ಮೇಲೂ ನೆರಳಿಗೆ ಹೋಗದೆ ಮೇಯುತ್ತಲೇ ಇರುವುದು ಯಾವುದು, ಕಲ್ಲುಬದು ಹತ್ತುವಾಗ ಹಿಂದೆ ಬೀಳದ್ದು ಯಾವುದು ಎಂದು ತಿಂಗಳುಗಟ್ಟಲೆ ನೋಡುತ್ತಿದ್ದ. ಬಸಿರು ಕುರಿಯ ಹೊಟ್ಟೆಗೆ ಅಂಗೈ ಇಟ್ಟು ಮರಿ ಒಂದೋ ಎರಡೋ ಎಂದು ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

ಆ ಹೆಸರಿಗೆ ಮೊದಲ ಪೆಟ್ಟು ಬಿದ್ದದ್ದು ತೊಂಬತ್ಮೂರರಲ್ಲಿ. ಆಗಷ್ಟೇ ಶುರುವಾಗಿದ್ದ ಕುರಿಗಾರರ ಸಂಘವೊಂದು, ಒಳ್ಳೆಯ ಟಗರುಗಳನ್ನು ಆರಿಸಿ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹಿಂಡುಗಳಿಗೆ ಹಂಚುತ್ತೇವೆಂದು ಸಾರಿತು. ಶಿಕಾರಿಪುರದಲ್ಲಿ ಆಯ್ಕೆ. ಗುಡ್ಡಪ್ಪ ತನ್ನ ಹಿಂಡಿನ ಮುಂದಾಳು ಟಗರನ್ನು ಅರಿಶಿನ ಹಚ್ಚಿ ಕರೆದುಕೊಂಡು ಹೋದ. ಅಲ್ಲಿ ಯಾರೂ ಟಗರಿನ ಕಾಲು ನೋಡಲಿಲ್ಲ, ಅದರ ಅವ್ವ ಎಂಥದ್ದೆಂದು ಕೇಳಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತೊಂದು ಕಿಲೋ. ಮೂವತ್ತೈದಕ್ಕೆ ಕಡಿಮೆಯಿದ್ದದ್ದು ಬೇಡವೆಂದರು.

"ಕೆಳಗಿಳಿಸಜ್ಜಾ, ಹಿಂದಿನೋರು ಕಾಯ್ತಿದಾರೆ" ಎಂದ ಬರೆದುಕೊಳ್ಳುತ್ತಿದ್ದವನು.

ಜೊತೆಗೆ ಬಂದಿದ್ದ ಮಗ ಮಾಳೇಶ ಟಗರನ್ನು ಎತ್ತಿ ಕೆಳಗಿಳಿಸಿದ. ಇಪ್ಪತ್ತಾರರ ಹರೆಯ, ಹಿಂದಿನ ವರ್ಷ ಮದುವೆಯಾಗಿದ್ದ. ಆಯ್ಕೆಯಾದ ಟಗರುಗಳನ್ನು ಕಟ್ಟಿದ್ದ ಕಡೆ ಹೋಗಿ ಅವುಗಳ ಒಡೆಯರನ್ನು ಮಾತಾಡಿಸಿಕೊಂಡು ಬಂದ. ಊರಿಗೆ ಬರುವಾಗ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಮೆಲ್ಲಗೆ ಹೇಳಿದ: "ಅವೆಲ್ಲ ಕಟ್ಟಿ ಮೇಯಿಸಿದ್ದಂತಪ್ಪ. ಮೆಕ್ಕೆಜೋಳದ ನುಚ್ಚು, ಬೂಸಾ, ಶೇಂಗಾ ಹಿಂಡಿ. ನಾವೂ ಒಂದು ಟಗರಿಗೆ ಹಂಗೆ ಮಾಡಿ ನೋಡಾಣ."

ಗುಡ್ಡಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. "ಹಂಗೆ ಬೆಳೆಸಿದ್ದನ್ನ ಕಡೀಲಿಕ್ಕೆ ಕೊಡಬೌದು. ಹಿಂಡಿಗೆ ಬಿಡಾಕ ಬರಲ್ಲ" ಎಂದ. ಮಾತು ಅಷ್ಟಕ್ಕೇ ನಿಂತಿತು.

ಆದರೆ ಮಾಳೇಶ ಬಿಡಲಿಲ್ಲ. ಆ ವರ್ಷ ಹಿಂಡಿನಲ್ಲಿ ಒಂದೇ ಕುರಿಗೆ ಎರಡು ಗಂಡುಮರಿ ಹುಟ್ಟಿದ್ದವು. ಎರಡೂ ಕಪ್ಪು, ಒಂದಕ್ಕೆ ಮಾತ್ರ ಹಣೆಯಲ್ಲಿ ಬಿಳಿ ಚುಕ್ಕೆ. ಹಾಲು ಬಿಟ್ಟ ಮೇಲೆ ಚುಕ್ಕೆಯ ಮರಿಯನ್ನು ಅವನು ಹಿಂಡಿನಿಂದ ತಂದು ಮನೆಯ ಸೂರಿನಡಿ ಕಟ್ಟಿದ. ಹಲಗೆ ಹಾಸಿ ನೆಲ ಎತ್ತರಿಸಿದ. ಶಿಕಾರಿಪುರದ ಮಹೇಶ್ವರಪ್ಪನವರ ಹಿಂಡಿ-ಬೂಸಾ ಅಂಗಡಿಯಿಂದ ಮೂಟೆ ಹೊತ್ತು ತಂದ. ಹೆಂಡತಿ ಮಮತಾ ದಿನಕ್ಕೆರಡು ಹೊತ್ತು ನುಚ್ಚು ನೆನೆಸಿ ಇಡುತ್ತಿದ್ದಳು. ಗುಡ್ಡಪ್ಪ ತಡೆಯಲಿಲ್ಲ. ಆದರೆ ಚುಕ್ಕೆಯಿಲ್ಲದ ಇನ್ನೊಂದು ಮರಿಯನ್ನು ಊರವರ ಮುಂದೆ ತೋರಿಸಿ, "ಇದು ನಂದು. ಬರೀ ಹುಲ್ಲು, ಸೊಪ್ಪು. ಒಂದು ಹಿಡಿ ಕಾಳು ಮುಟ್ಟಿಸಲ್ಲ. ಯಾವುದು ಟಗರಾಗ್ತದೋ ನೋಡ್ರಿ" ಎಂದ. ಕೂತಿದ್ದವರು ನಕ್ಕರು. ಅಪ್ಪ ಮಗನ ನಡುವಿನದು ಅಂದಿನಿಂದ ಊರಿನ ಮಾತಾಯಿತು.

ತೊಂಬತ್ನಾಲ್ಕರ ಮಳೆ ಆರಿದ್ರೆಯಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಕೆರೆಯಂಗಳದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯಿತು, ಆದರೆ ಹಿಂಡಿದರೆ ನೀರು ಸುರಿಯುವಂಥ ಹುಲ್ಲು. ಕುರಿಗಳು ದಿನವಿಡೀ ಮೇಯ್ದು ಹೊಟ್ಟೆ ಊದಿಸಿಕೊಂಡು ಬರುತ್ತಿದ್ದವು, ಬೆಳಗಾಗುವಷ್ಟರಲ್ಲಿ ಭೇದಿಯಾಗಿ ಬೆನ್ನುಮೂಳೆ ಕಾಣುತ್ತಿತ್ತು. ಗೊರಸಿನ ಸಂದು ಕೊಳೆತು ಕುಂಟತೊಡಗಿದವು. ಗುಡ್ಡಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಹಿಂಡನ್ನು ಎತ್ತರದ ಮೊರಡಿಗೆ ಹೊಡೆದುಕೊಂಡು ಹೋಗುತ್ತಿದ್ದ, ಹಲಸಿನ ಸೊಪ್ಪು ಕಡಿದು ಹಾಕುತ್ತಿದ್ದ. ಏನು ಮಾಡಿದರೂ ಅವನ ಚುಕ್ಕೆಯಿಲ್ಲದ ಟಗರು ದಿನದಿನಕ್ಕೆ ಇಳಿಯಿತು. ಉಣ್ಣೆ ಒದ್ದೆಯಾಗಿ ಮೈಗಂಟಿದಾಗ ಪಕ್ಕೆಲುಬು ಎಣಿಸಬಹುದಿತ್ತು. ಬೆದೆಗೆ ಬಂದ ಕುರಿ ಎದುರಿಗೇ ನಿಂತರೂ ಅದು ಮೂಸಿ ನೋಡಿ ತಲೆ ತಗ್ಗಿಸುತ್ತಿತ್ತು.

ಅವನ ಹೆಂಡತಿ ದ್ಯಾಮಮ್ಮ ಇದನ್ನು ನೋಡಿ ನೋಡಿ ಒಂದು ದಿನ ಮೊರದಲ್ಲಿ ಎರಡು ಹಿಡಿ ನುಚ್ಚು ತಂದಳು. "ಮಳೆ ನಿಲ್ಲೋತನಕ ಹಾಕಾಣ ಕಣ್ರೀ. ಹುಲ್ಲಿನಾಗೆ ಈ ಸಲ ಸತ್ವನೇ ಇಲ್ಲ."

ಅದು ಸರಿಯೆಂದು ಗುಡ್ಡಪ್ಪನಿಗೂ ಗೊತ್ತಿತ್ತು. ಅವನ ಅಪ್ಪನೂ ಇಂಥ ಮಳೆಗಾಲದಲ್ಲಿ ಟಗರಿಗೆ ಹುರುಳಿ ಬೇಯಿಸಿ ಹಾಕಿದ್ದುಂಟು. ಆದರೆ ಊರ ಮುಂದೆ ಆಡಿದ ಮಾತಿತ್ತು. "ಒಳಗೆ ತಗೊಂಡು ಹೋಗು" ಎಂದ. ದ್ಯಾಮಮ್ಮ ಮೊರವನ್ನು ಹಾಗೇ ಹಿಡಿದು ನಿಂತಾಗ, "ಹೋಗು ಅಂದೆ" ಎಂದು ದನಿ ಏರಿಸಿದ.

ಇತ್ತ ಸೂರಿನಡಿಯ ಚುಕ್ಕೆ ಟಗರು ಮಳೆಯ ಹನಿಯನ್ನೇ ಕಾಣದೆ ಬೆಳೆಯಿತು. ಅದರ ಕತ್ತು ಎರಡು ಕೈಯಲ್ಲಿ ಹಿಡಿಸುತ್ತಿರಲಿಲ್ಲ. ನಲವತ್ತು ಕಿಲೋ ದಾಟಿರಬೇಕೆಂದು ನೋಡಿದವರೆಲ್ಲ ಹೇಳುತ್ತಿದ್ದರು. ನೋಡಲು ಬಂದವರು ಮೊದಲು ಅದರ ಹತ್ತಿರ ಹೋಗಿ, ಆಮೇಲೆ ಗುಡ್ಡಪ್ಪನ ಟಗರನ್ನು ಒಂದು ಗಳಿಗೆ ನೋಡಿ, ಏನೂ ಅನ್ನದೆ ಮಳೆಯ ಸುದ್ದಿ ಎತ್ತುತ್ತಿದ್ದರು. ಹಾಗೆ ಏನೂ ಅನ್ನದಿರುವುದೇ ಗುಡ್ಡಪ್ಪನನ್ನು ಹೆಚ್ಚು ಉರಿಸುತ್ತಿತ್ತು. ಮಾಳೇಶ ಮಾತ್ರ ಒಂದು ಸಲವೂ ಹಮ್ಮಿನ ಮಾತಾಡಲಿಲ್ಲ. "ಅಪ್ಪ, ಇದನ್ನ ಸಂಜೀಕೆ ಒಂದಿಷ್ಟು ನಡೆಸಬೇಕೇನು?" ಎಂದು ಕೇಳಿದ್ದ ಒಂದು ದಿನ. "ನಂಗೇನು ಗೊತ್ತು, ನಿಂದು ಹೊಸಾ ವಿದ್ಯೆ" ಎಂದಿದ್ದ ಗುಡ್ಡಪ್ಪ. ಮಳೆಯ ತಂಡಿಗೆ ಟಗರು ಬಾನಿಯ ನೀರನ್ನು ಸರಿಯಾಗಿ ಕುಡಿಯುತ್ತಿಲ್ಲ, ಬರೀ ಒಣ ಕಾಳು ತಿಂದು ನಿಂತಲ್ಲೇ ನಿಲ್ಲುತ್ತಿದೆ ಎಂಬುದನ್ನು ಅವನು ಗಮನಿಸಿದ್ದ. ಹೇಳಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಆಯ್ಕೆಯೆಂದು ಗೊತ್ತಾಯಿತು. ಅದಕ್ಕೆ ಮೊದಲು ಟಗರು ಸಾಕುವವರಿಗೆಂದು ಸಂಘದವರು ಶಿವಮೊಗ್ಗದಲ್ಲಿ ಮೂರು ದಿನದ ತರಬೇತಿ ಇಟ್ಟರು. ಮಾಳೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟಗರಿನ ಬೆನ್ನು ತಟ್ಟಿ, "ಇದನ್ನ ನೋಡ್ಕ" ಎಂದು ಹೆಂಡತಿಗೆ ಹೇಳಿ ಬುಧವಾರದ ಮೊದಲ ಬಸ್ಸಿಗೆ ಹೋದ.

ಅದೇ ದಿನ ಬೆಳಗ್ಗೆ ಗುಡ್ಡಪ್ಪ ಹಿಂಡು ಬಿಡಲು ಹೊರಟಾಗ ಮಮತಾ ಸೂರಿನಿಂದ ಕೂಗಿದಳು. ಅವಳಿಗೆ ಆಗ ಐದು ತಿಂಗಳು.

"ಮಾವ, ಟಗರು ಯಾಕೋ ಕಾಳು ಮುಟ್ಟಿಲ್ಲ. ಹಿಂದಿನ ಕಾಲು ಚಾಚಿ ಚಾಚಿ ನಿಲ್ತೈತಿ. ಒಂದೀಟು ನೋಡ್ರಿ."

ಅವನು ಹೋಗಿ ನೋಡಿದ. ಟಗರು ಬೆನ್ನು ಬಾಗಿಸಿ ತಿಣುಕುತ್ತಿತ್ತು. ಬಾಲ ಪಟಪಟ ಬಡಿಯುತ್ತಿತ್ತು, ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಎರಡೋ ಮೂರೋ ಹನಿ ಉಚ್ಚೆ ಬಿದ್ದು ನಿಂತಿತು. ಅವನು ಬಗ್ಗಿ ಹೊಟ್ಟೆಯಡಿ ಕೈಯಾಡಿಸಿದ. ಕೂದಲಿನ ತುದಿಯಲ್ಲಿ ಮರಳಿನಂಥ ಬಿಳಿ ಹರಳು ಬೆರಳಿಗೆ ತಾಗಿತು.

ಉಚ್ಚೆ ಕಟ್ಟಿತ್ತು. ಗುಡ್ಡಪ್ಪನಿಗೆ ಎರಡನೇ ಸಲ ನೋಡುವ ಅಗತ್ಯವಿರಲಿಲ್ಲ. ಅವನು ಹೊಸದಾಗಿ ಮದುವೆಯಾಗಿದ್ದ ಕಾಲದಲ್ಲಿ ಊರಗೌಡರ ಕಾಳಗದ ಟಗರಿಗೆ ಹೀಗೇ ಆಗಿತ್ತು. ಕಾಳು ತಿನ್ನಿಸಿ ಕಟ್ಟಿಟ್ಟದ್ದರಿಂದ ಮೂತ್ರದಲ್ಲಿ ಹರಳುಗಟ್ಟಿ ದಾರಿ ಮುಚ್ಚಿತ್ತು. ಟಗರಿನ ಶಿಶ್ನದ ತುದಿಯಲ್ಲಿ ದಾರದಂಥ ಸಣ್ಣ ಎಳೆಯೊಂದಿರುತ್ತದೆ. ಹರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಗುಡ್ಡಪ್ಪ ಟಗರನ್ನು ಕೂರಿಸಿ ಹಿಡಿದಿದ್ದ, ಅವನ ಅಪ್ಪ ಬ್ಲೇಡಿನಿಂದ ಆ ಎಳೆಯನ್ನು ಕೊಯ್ದಿದ್ದ. ಮೂತ್ರ ಚಿಮ್ಮಿ ಇಬ್ಬರ ಮೈಮೇಲೂ ಬಿದ್ದಿತ್ತು. ಗೌಡರ ಟಗರು ಅದಾದ ಮೇಲೆ ನಾಲ್ಕು ವರ್ಷ ಬದುಕಿತ್ತು.

"ಏನಾಗೈತಿ ಮಾವ?"

ಗುಡ್ಡಪ್ಪ ಎದ್ದು ಬೆರಳನ್ನು ಕಂಬಳಿಗೆ ಒರೆಸಿಕೊಂಡ. "ತಿಂದಿದ್ದು ಹೆಚ್ಚಾಗೈತಿ. ಒಂದು ಹೊತ್ತು ಉಪಾಸ ಕೆಡವು, ಸರಿ ಹೋಗ್ತೈತಿ" ಎಂದ.

ಟಗರು ಸಾಯಲಿ ಎಂದು ಅವನು ಆ ಗಳಿಗೆಯಲ್ಲಿ ಅಂದುಕೊಂಡಿರಲಿಲ್ಲ. ಸಂಜೆತನಕ ನೋವು ತಿನ್ನಲಿ, ನಾಳೆ ಮಗನಿಗೆ ಹೇಳಿ ಕಳಿಸುತ್ತೇನೆ, ಅವನು ಹೆದರಿ ಓಡಿ ಬರಲಿ, ನನ್ನ ಕೈಯಿಂದಲೇ ಇದು ಉಳಿಯಬೇಕಾಯಿತೆಂದು ಊರಿಗೂ ಗೊತ್ತಾಗಲಿ ಎಂದು ಅವನ ಲೆಕ್ಕ. ಮೊರಡಿಯ ಮೇಲೆ ಮಳೆಯಲ್ಲಿ ನಿಂತು ಇದನ್ನೇ ತಿರುತಿರುಗಿ ಯೋಚಿಸಿದ. ಒಂದು ಸಲ ಹಿಂಡನ್ನು ಬಿಟ್ಟು ಊರ ಕಡೆ ಅರ್ಧ ದಾರಿ ಬಂದ. ಎದುರಿಗೆ ಬಂದ ಊರಿನ ಮಾಸ್ತಮ್ಮ ಸೊಪ್ಪಿನ ಹೊರೆ ಇಳಿಸಿ, "ಏನಣ್ಣಾ, ಸೋಮವಾರ ನಿನ್ನ ಮಗನ ಟಗರಿಗೇ ಹಾರವಂತೆ?" ಎಂದಳು. ಅವನು ತಿರುಗಿ ಹಿಂಡಿನ ಕಡೆ ನಡೆದ.

ಸಂಜೆ ನೋಡಿದರೆ ಟಗರಿನಡಿಯ ಹಲಗೆ ಕೊಂಚ ಒದ್ದೆಯಾಗಿತ್ತು. ದಾರಿ ಬಿಟ್ಟಿರಬಹುದೆಂದು ತನಗೆ ತಾನೇ ಹೇಳಿಕೊಂಡ. ಗುರುವಾರ ಅದು ಮಲಗಿತು, ಎದ್ದಿತು, ಮತ್ತೆ ಮಲಗಿತು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ನೋಡಿಕೊಂಡಿತು. ದ್ಯಾಮಮ್ಮ ಗಂಡನ ಮುಂದೆ ಬಂದು ನಿಂತಳು.

"ಡಾಕ್ಟರಿಗೆ ಹೇಳಿ ಕಳಿಸ್ರಿ. ಇಲ್ಲ ನೀವಾದ್ರೂ ಏನಾದ್ರೂ ಮಾಡ್ರಿ. ನಿಮಗೆ ಗೊತ್ತಾಗದೆ ಇರ್ತದಾ?"

"ಈ ಮಳೆಯಾಗೆ ಯಾವ ಡಾಕ್ಟರು ಬರ್ತಾನೆ? ನಾಳೆ ಸಂಜೀಕೆ ನಿನ್ನ ಮಗ ಬರ್ತಾನಲ್ಲ, ತರಬೇತಿ ಮುಗಿಸ್ಕೊಂಡು."

ದ್ಯಾಮಮ್ಮ ಅವನ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು. ತಿರುಗಿ ಒಳಗೆ ಹೋದಳು.

ಶುಕ್ರವಾರ ಮಧ್ಯಾಹ್ನ ಮಮತಾ ಮಳೆಯಲ್ಲೇ ಮೊರಡಿಗೆ ಬಂದಳು. ಸೆರಗು ತಲೆಗೆ ಹೊದ್ದಿದ್ದಳು, ಮುಖದಲ್ಲಿ ನಗುವಿತ್ತು. "ಮಾವ, ಟಗರು ಎದ್ದು ನಿಂತೈತಿ! ಹಲ್ಲು ಕಡಿಯೋದು ಬಿಟ್ಟೈತಿ. ಆರಾಮಾಗೈತಿ ಮಾವ."

ತಿಣುಕುತ್ತಿದ್ದ ಟಗರು ಇದ್ದಕ್ಕಿದ್ದಂತೆ ಸುಮ್ಮನಾದರೆ ಅದಕ್ಕೆ ಏನು ಅರ್ಥವೆಂದು ಗುಡ್ಡಪ್ಪನಿಗೆ ಅವನ ಅಪ್ಪ ಹೇಳಿಕೊಟ್ಟಿದ್ದ. ಒಳಗೆ ಉಚ್ಚೆಯ ಚೀಲ ಒಡೆದಿರುತ್ತದೆ. ನೋವು ಹೋಗಿರುತ್ತದೆ, ಒಂದು ದಿನದ ಮಾತು ಉಳಿದಿರುತ್ತದೆ. ಅವನು ಹಿಂಡನ್ನು ಅವಳ ವಶಕ್ಕೆ ಬಿಟ್ಟು ಕೆಸರಿನಲ್ಲಿ ಜಾರುತ್ತ ಮನೆಗೆ ಓಡಿದ. ಸೂರಿನಡಿ ಕೂತು ಟಗರಿನ ಹೊಟ್ಟೆಗೆ ಎರಡೂ ಅಂಗೈ ಇಟ್ಟ. ಕೆಳಹೊಟ್ಟೆ ನೀರು ತುಂಬಿದ ತೊಗಲಿನ ಚೀಲದಂತೆ ತುಳುಕುತ್ತಿತ್ತು. ಆದರೂ ಬ್ಲೇಡು ತಂದ, ಆ ಎಳೆ ಹುಡುಕಿ ಕೊಯ್ದ. ಏನೂ ಬರಲಿಲ್ಲ. ಒಂದು ಹನಿ ರಕ್ತ ಮಾತ್ರ ಬಂತು.

ಸಂಜೆಯ ಬಸ್ಸಿಗೆ ಮಾಳೇಶ ಬಂದ. ಕೈಯಲ್ಲಿ ತರಬೇತಿಯ ಪುಸ್ತಕ. ನಿಂತಿದ್ದ ಟಗರಿನ ಕತ್ತು ತಬ್ಬಿ, "ಸ್ವಲ್ಪ ಇಳಿದೈತಲ್ಲ. ಪರವಾಗಿಲ್ಲ, ಸೋಮವಾರಕ್ಕೆ ಸರಿಯಾಗ್ತದ" ಎಂದ. ದ್ಯಾಮಮ್ಮ ಗಂಡನ ಕಡೆ ನೋಡಿದಳು, ಅವನು ಎದ್ದು ದೊಡ್ಡಿಯ ಕಡೆ ಹೋದ. ಶನಿವಾರ ಬೆಳಗ್ಗೆ ಟಗರು ಕಾಲು ಚಾಚಿ ಬಿದ್ದಿತ್ತು.

ಮಾಳೇಶ ಸೈಕಲ್ ತುಳಿದುಕೊಂಡು ಹೋಗಿ ದನದ ಡಾಕ್ಟರನ್ನು ಕರೆತಂದ. ಅವರು ಅಂಗಳದಲ್ಲೇ ಹೊಟ್ಟೆ ಕೊಯ್ದರು. ಮೂತ್ರದ ವಾಸನೆ ಗಪ್ಪೆಂದು ಬಂತು. "ಕಲ್ಲು. ಒಣ ಕಾಳು ಜಾಸ್ತಿ, ನೀರು ಕಡಿಮೆ, ಮಳೆಗಾಲದಲ್ಲಿ ಹೀಗಾಗ್ತದೆ. ಎರಡು ಮೂರು ದಿನ ಒದ್ದಾಡಿರುತ್ತಲ್ಲ, ಯಾರೂ ನೋಡಲಿಲ್ವಾ? ಮೊದಲನೇ ದಿನ ಹೇಳಿದ್ರೆ ಬಹುಶಃ ಉಳೀತಿತ್ತು" ಎಂದರು.

ಮಾಳೇಶ ಹೆಂಡತಿಯ ಕಡೆ ತಿರುಗಿದ. "ನಿಂಗೆ ನೋಡ್ಕ ಅಂದಿದ್ದೆ."

"ನೋಡೀನಿ. ಬುಧವಾರನೇ ಮಾವಂಗೆ ತೋರಿಸಿದ್ದೆ. ಏನಿಲ್ಲ ಅಂದ್ರು" ಎಂದಳು ಮಮತಾ.

ಅವನ ಕೈ ಬೀಸಿದ್ದು ಯಾರಿಗೂ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. "ಅಪ್ಪನ ಮೇಲೆ ಹಾಕ್ತೀಯ? ಹೊಟ್ಟೆ ಮುಟ್ಟಿ ಮರಿ ಎಷ್ಟು ಅಂತ ಹೇಳೋ ಮನುಷ್ಯ ಅವನು. ಅವನಿಗೆ ಗೊತ್ತಾಗಿದ್ರೆ ಬಿಡ್ತಿದ್ನೇನು?" ಮತ್ತೊಂದು ಏಟು ಬಿತ್ತು. ಬಸುರಿ ಹೆಂಗಸು ಗೋಡೆ ಹಿಡಿದುಕೊಂಡಳು. ಅವಳು ಅತ್ತೆಯನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಮಾವನ ಕಡೆ ನೋಡಿ ಕಾದಳು.

ಗುಡ್ಡಪ್ಪ ಬಾಯಿ ತೆರೆದ. "ಹೊಡೀಬ್ಯಾಡ, ಬಿಡು" ಎಂದ. ಹೇಳಬೇಕಾದ ಇನ್ನೊಂದು ಮಾತನ್ನು ಹೇಳದೆ ಬಗ್ಗಿ ಟಗರಿನ ಮೇಲೆ ಗೋಣಿ ಎಳೆದ. ಡಾಕ್ಟರು ಕೈ ತೊಳೆದುಕೊಂಡು ಹೋದರು.

ಆ ಸೋಮವಾರ ಶಿಕಾರಿಪುರಕ್ಕೆ ಯಾರೂ ಹೋಗಲಿಲ್ಲ. ದ್ಯಾಮಮ್ಮ ಉಳಿದಿದ್ದ ನುಚ್ಚಿನ ಮೂಟೆ ಬಿಚ್ಚಿ, ಗಂಡನನ್ನು ಕೇಳದೆ, ಅವನ ಬಡಕಲು ಟಗರಿನ ಮುಂದೆ ದಿನಕ್ಕೊಂದು ಹಿಡಿ ಸುರಿಯತೊಡಗಿದಳು. ಪಕ್ಕದಲ್ಲಿ ಒಣ ಹುಲ್ಲು, ಉಪ್ಪು ಹಾಕಿದ ಬಿಸಿನೀರು. ಈ ಸಲ ಗುಡ್ಡಪ್ಪ ಬೇಡವೆನ್ನಲಿಲ್ಲ. ಮೂರು ವಾರದಲ್ಲಿ ಟಗರು ಮೈ ತುಂಬಿಕೊಂಡಿತು, ದೀಪಾವಳಿಯ ಹೊತ್ತಿಗೆ ಹಿಂಡಿನ ಕುರಿಗಳೆಲ್ಲ ಗಬ್ಬವಾದವು. ಉಳವಿಯಿಂದ ಉಜ್ಜಪ್ಪ ಬಂದು ಅದನ್ನು ಸುತ್ತು ಹಾಕಿ ನೋಡಿದ. ವರ್ಷಾವರ್ಷ ಕೊಯ್ಲಾದ ಮೇಲೆ ಅವನ ಗದ್ದೆಯಲ್ಲೇ ಗುಡ್ಡಪ್ಪ ರಾತ್ರಿ ಹಿಂಡು ತರುಬಿ ನಿಲ್ಲಿಸುತ್ತಿದ್ದ.

"ಎಂತ ಹೇಳು ಮಾರಾಯ, ಕಡೆಗೆ ನಿನ್ನ ಮಾತೇ ನಿಂತಿತಲ್ದಾ? ಹುಲ್ಲು ತಿಂದ ಟಗರು ಹುಲ್ಲು ತಿಂದದ್ದೇ" ಎಂದ ಉಜ್ಜಪ್ಪ.

ಊರೆಲ್ಲ ಅದನ್ನೇ ಹೇಳುತ್ತಿತ್ತು. ಮಾಳೇಶನೂ ಅದನ್ನೇ ಹೇಳಿದ. ಒಂದು ಸಂಜೆ ಅಪ್ಪನ ಪಕ್ಕ ಬಂದು ಕೂತು, "ನೀ ಹೇಳಿದ್ದು ಕೇಳಬೇಕಿತ್ತು. ನಾನೇ ತಿನ್ನಿಸಿ ಕೊಂದೆ" ಎಂದ. ತರಬೇತಿಯ ಪುಸ್ತಕವನ್ನು ಒಲೆಗೆ ಹಾಕಿದ್ದ. ಸೂರಿನಡಿಯ ಹಲಗೆ ಕಿತ್ತಿದ್ದ. ಮರುದಿನದಿಂದ ಕಂಬಳಿ ಹೊದ್ದು ಅಪ್ಪನ ಹಿಂದೆ ಹಿಂಡಿಗೆ ಬಂದ. ಹಿಂಡನ್ನು ಯಾವ ಕಡೆ ತಿರುಗಿಸಬೇಕೆಂದು ಕೇಳುತ್ತಿದ್ದ, ಒಂದು ಮರಿ ಕುಂಟಿದರೂ "ಅಪ್ಪ, ನೀನೇ ನೋಡು ಬಾ" ಎಂದು ದೂರ ನಿಲ್ಲುತ್ತಿದ್ದ. ಮಗ ತನ್ನ ದಾರಿಗೆ ಬರಲೆಂದು ಗುಡ್ಡಪ್ಪ ಬಯಸಿದ್ದ. ಬಂದಿದ್ದ. ಗುಡ್ಡಪ್ಪ ಅವನ ಮುಖ ನೋಡದೆ ಮುಂದೆ ಮುಂದೆ ನಡೆಯುತ್ತಿದ್ದ.

ಮನೆಯಲ್ಲಿ ಮಮತಾ ಮಾವನಿಗೆ ನೀರು ಕೊಡುತ್ತಿದ್ದಳು, ತಟ್ಟೆಯಿಡುತ್ತಿದ್ದಳು. ಮಾತು ನಿಂತಿತ್ತು. ಒಳಗಿನಿಂದ ಕೆಲವು ದಿನ ಗಂಡ ಹೆಂಡಿರ ಜಗಳ ಕೇಳುತ್ತಿತ್ತು. "ನಾ ತೋರಿಸಿದ್ದೆ" ಎಂದು ಅವಳು, "ಮತ್ತೆ ಅದನ್ನೇ ಅಂತೀಯ?" ಎಂದು ಅವನು, ಆಮೇಲೆ ಏಟು. ಬರಬರುತ್ತ ಆ ಸದ್ದೂ ನಿಂತಿತು. ಕಾರ್ತೀಕ ಕಳೆದ ಮೇಲೆ ಅವಳಿಗೆ ಹೆಣ್ಣುಮಗು ಹುಟ್ಟಿತು.

ಸಂಕ್ರಾಂತಿ ಕಳೆದು ಅಪ್ಪ ಮಗ ಹಿಂಡು ಹೊಡೆದುಕೊಂಡು ಉಳವಿಗೆ ಹೋದರು. ಕೊಯ್ದ ಗದ್ದೆಗಳಲ್ಲಿ ಕುರಿ ತರುಬಿದರೆ ಗದ್ದೆಗೆ ಗೊಬ್ಬರ, ಇವರಿಗೆ ಭತ್ತ. ಒಂದು ಬೆಳಗ್ಗೆ ಬುತ್ತಿ ಬಿಚ್ಚಿಕೊಂಡು ಬದುವಿನ ಮೇಲೆ ಕೂತಾಗ ಮಾಳೇಶ ಕುರಿಮರಿಯೊಂದನ್ನು ತೋರಿಸಿ, "ಅದಕ್ಕೆ ಏನೋ ಆಗೈತಿ, ನಾ ಮುಟ್ಟಿದ್ರೆ ಅದೂ ಹೋದೀತು. ನೀ ನೋಡು" ಎಂದ.

ಗುಡ್ಡಪ್ಪ ರೊಟ್ಟಿಯನ್ನು ಬಟ್ಟೆಯ ಮೇಲಿಟ್ಟ.

"ಆ ಟಗರನ್ನ ನೀ ಕೊಂದಿಲ್ಲೋ ಮಾಳೇಶ. ಬುಧವಾರ ಬೆಳಗ್ಗೇನೇ ನಾ ಕಂಡಿದ್ದೆ. ಉಚ್ಚೆ ಕಟ್ಟೈತಿ ಅಂತ ಗೊತ್ತಾಗಿತ್ತು. ಏನು ಮಾಡಬೇಕು ಅನ್ನೋದೂ ಗೊತ್ತಿತ್ತು. ಬೇಕಂತಲೇ ಸುಮ್ಮನಿದ್ದೆ."

ಮಾಳೇಶ ಜಗಿಯುವುದನ್ನು ನಿಲ್ಲಿಸಿದ. "ಯಾಕ?"

"ನೀ ಗೆಲ್ಲೋದು ನೋಡಾಕ ಆಗಲಿಲ್ಲ."

ಮಾಳೇಶ ಅಪ್ಪನ ಮುಖ ನೋಡಿದ. ನಂಬುವುದಕ್ಕೆ ಹತ್ತಿರ ಬಂದವನಂತೆ ಅವನ ಕಣ್ಣು ಒಂದು ಗಳಿಗೆ ಅಗಲವಾಯಿತು. ಆಮೇಲೆ ಮುಖ ಬಿಗಿಯಿತು. ಅಪ್ಪನ ಮಾತು ನಿಜವಾದರೆ ಹೆಂಡತಿಯ ಮಾತೂ ನಿಜವಾಗುತ್ತಿತ್ತು. ಅವಳಿಗೆ ಬಿದ್ದ ಏಟುಗಳು ಲೆಕ್ಕಕ್ಕೆ ಬರುತ್ತಿದ್ದವು.

"ಅವಳು ಹೇಳಿಕೊಟ್ಟಳಾ ನಿಂಗೆ?" ಎಂದ.

"ಇಲ್ಲೋ. ದೇವರಾಣೆ…"

"ಆಣೆ ಇಡಬ್ಯಾಡ. ದಿನಾ ಅತ್ತು ಕರೆದು ನಿನ್ನ ಬಾಯಿಂದ ಇದನ್ನ ಅನಿಸ್ಯಾಳ. ನೀನೋ, ಸೊಸೆ ಮನೆಯಾಗೆ ನೆಮ್ಮದಿಯಾಗಿರಲಿ ಅಂತ ಮೈಮೇಲೆ ಎಳ್ಕಂತೀಯ. ನಾ ಊರಿಗೆ ಹೋಗಿ ವಿಚಾರಿಸ್ತೀನಿ ಅವಳನ್ನ."

ಗುಡ್ಡಪ್ಪ ಅವನ ತೋಳು ಹಿಡಿದ. ಮಾಳೇಶ ಬಿಡಿಸಿಕೊಂಡು, ಬುತ್ತಿಯ ಬಟ್ಟೆ ಝಾಡಿಸಿ, ಹಿಂಡಿನ ಕಡೆ ಹೋದ.

ಆ ಮಧ್ಯಾಹ್ನವೇ ಗುಡ್ಡಪ್ಪ ಉಜ್ಜಪ್ಪನಿಗೆ ಏನೋ ನೆಪ ಹೇಳಿ ಸೊರಬದ ಬಸ್ಸು ಹತ್ತಿದ. ಅಲ್ಲಿಂದ ಶಿಕಾರಿಪುರದ ಬಸ್ಸು, ಮುಂದೆ ನಡಿಗೆ. ಅವನು ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಮತಾ ಅಂಗಳದಲ್ಲಿ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವನು ಅವಳಿಂದ ನಾಲ್ಕು ಮಾರು ದೂರ ನಿಂತ.

"ಮಾಳೇಶಗೆ ಎಲ್ಲಾ ಹೇಳಿದೆ ತಾಯಿ. ತಪ್ಪು ನಂದು ಅಂದೆ. ಅವ ನಂಬಲಿಲ್ಲ. ನೀ ಹೇಳಿಕೊಟ್ಟಿದ್ದು ಅಂತಾನೆ. ಸಿಟ್ಟಿನಾಗೆ ಬಂದ್ರೂ ಬರಬೌದು. ನೀ ನಾಕು ದಿನ ನಿನ್ನ ತವರಿಗೆ ಹೋಗು, ನಾ ಕರ್ಕೊಂಡು ಹೋಗಿ ಬಿಡ್ತೀನಿ."

ಮಮತಾಳ ಕೈ ಮಗುವಿನ ಎದೆಯ ಮೇಲೆ ನಿಂತಿತು. ಐದು ತಿಂಗಳ ಮೇಲೆ ಅವಳು ಮಾವನ ಮುಖ ನೋಡಿ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಯಾಕ ಹೇಳಾಕ ಹೋದ್ರಿ ಮಾವ? ನಾ ಹೇಳೋದು ಬಿಟ್ಟಿದ್ದೆ. ಅವರೂ ಹೊಡೆಯೋದು ಬಿಟ್ಟಿದ್ರು."

ಅವಳು ಮಗುವನ್ನು ಎತ್ತಿಕೊಂಡು, ಬಟ್ಟೆ ಗಂಟು ಕಟ್ಟಲು ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ದ್ಯಾಮಮ್ಮ ಸೊಸೆಗೆ ದಾರಿ ಬಿಟ್ಟಳು, ಗಂಡನನ್ನು ಒಳಗೆ ಬರ್ರಿ ಎನ್ನಲಿಲ್ಲ.